ಮೂರನೇ ಸಾಲಿನ ತಪ್ಪು

ಅಕ್ಕಾ,

ಸುಖವಾಗಿ ತಲುಪಿದೆ, ಕೆಮ್ಮೂ ಬಿಟ್ಟಿದೆ. ಈ ಗಣಿತ ಶಿಬಿರದಲ್ಲಿ ಇಂದು ಕಂಡದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಒಬ್ಬ ಹುಡುಗಿ ಹಲಗೆಯ ಮೇಲೆ ಪ್ರಮೇಯ ಸಾಧಿಸುತ್ತಿದ್ದಳು. ಅವಳ ಮೂರು ತಿಂಗಳ ಕೂಸು ಗಡ್ಡ ನೆರೆತ ಪ್ರೊಫೆಸರರ ಹೆಗಲ ಮೇಲೆ ನಿದ್ದೆ ಹೋಗಿತ್ತು! ಹದಿನಾರು ವರ್ಷದ ಹಿಂದೆ ನಾನು ಬಸುರಿ ಎಂದಾಗ ನನ್ನ ಪ್ರೊಫೆಸರರು, "ಸಂಶೋಧನೆ ಸಾಕಮ್ಮ, ಇನ್ನು ಮನೆ ನೋಡ್ಕೋ" ಎಂದಿದ್ದರಲ್ಲ. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಹುಡುಗಿಯ ಮೂರನೇ ಸಾಲಿನಲ್ಲಿ ತಪ್ಪಿತ್ತು. ಒದ್ದಾಡಲಿ ಎಂದು ಬೇಕೆಂದೇ ಬಾಯಿ ಬಿಡಲಿಲ್ಲ.

ಚಹಾದ ಹೊತ್ತಿಗೆ ಅವಳೇ ಬಂದಳು. "ಮೇಡಂ, ಮೂರನೇ ಸಾಲು ಬರೀವಾಗ ನೀವು ತಲೆ ಅಲ್ಲಾಡಿಸಿದ್ರಿ. ಏನು ತಪ್ಪು ಹೇಳಿ, ವಾರದಿಂದ ಅಲ್ಲೇ ಸಿಕ್ಕಾಕ್ಕೊಂಡಿದೀನಿ." ನಾಚಿಕೆಯಾಯಿತು, ತೋರಿಸಿದೆ. ತಿದ್ದುತ್ತ ತಿದ್ದುತ್ತ ಇಬ್ಬರೂ ಹಲಗೆ ತುಂಬಿಸಿಬಿಟ್ಟೆವು. ಹದಿನಾರು ವರ್ಷ ಶಾಲೆಯಲ್ಲಿ ಮಗ್ಗಿ ಬರೆಸಿದ ಕೈಯಿಂದಲೇ ಕೊನೆಯ ಸಾಲು ಬರೆದೆ. ನೋಡುತ್ತ ನಿಂತಿದ್ದ ಆ ಗಡ್ಡದ ಪ್ರೊಫೆಸರರು, "ಇನ್ನೊಂದು ತಿಂಗಳು ನಮ್ಮ ಜೊತೆ ಕೆಲಸ ಮಾಡ್ತೀರಾ?" ಎಂದರು. ಯಾರನ್ನೂ ಕೇಳದೆ "ಹೂಂ" ಅಂದೆ. ನಮ್ಮ ಮನೆಯವರಿಗೆ ನೀನೇ ಉಪಾಯವಾಗಿ ಹೇಳು. ಹೊಟ್ಟೆಕಿಚ್ಚು ಮಾತ್ರ ಆರಿಲ್ಲ ಕಣೇ: ಅವಳಿಗೆ ಇಪ್ಪತ್ತಾರು, ನನಗೆ ನಲವತ್ತೆರಡು. ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ