ಅವ್ವನ ಖಾನಾವಳಿಯ ಬೋರ್ಡು

ಸನತ್‌ನಗರ, ಹೈದರಾಬಾದ್
ಭಾನುವಾರ, ೧೭ ಆಗಸ್ಟ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಮಗ ಗುರುಬಸವನ ನಮಸ್ಕಾರ. ಹೇಗಿದ್ದೀಯಾ? ದೊಡ್ಡವ್ವನ ಕಾಲಿನ ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರಂತೆ? ಒಳಗೆ ತುರಿಸುತ್ತದೆ ಎಂದು ಅವಳು ಕೊಡೆಯ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಾಳೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಮೊದಲು ಆ ಕಡ್ಡಿಯನ್ನು ಕಸಿದುಕೊಂಡು ಅವಳ ಕೈಗೆ ಸಿಗದ ಕಡೆ ಇಡು. ಅಕ್ಕನ ಸೇವೆಗೆ ಹೋದವಳು ನೀನೇ ಹಾಸಿಗೆ ಹಿಡಿಯಬೇಡ. ಬಿ.ಪಿ. ಗುಳಿಗೆಯನ್ನು ನೆನಪಾದಾಗ ಅಲ್ಲ, ಬೆಳಿಗ್ಗೆ ನಾಷ್ಟಾ ಆದ ಕೂಡಲೇ ನುಂಗು. ಇಲ್ಲಿ ನಾನು, ಭಾಗ್ಯಶ್ರೀ ಇಬ್ಬರೂ ಚೆನ್ನಾಗಿದ್ದೇವೆ. ರೊಟ್ಟಿ ಮಾತ್ರ ಚೆನ್ನಾಗಿಲ್ಲ. ನಿನ್ನ ಸೊಸೆ ಬಡಿದ ರೊಟ್ಟಿ ಒಂದು ದಿನ ತೆಲಂಗಾಣದ ನಕಾಶೆಯಂತಿದ್ದರೆ ಇನ್ನೊಂದು ದಿನ ಕರ್ನಾಟಕದ್ದು. ಹೀಗೆ ಬರೆದೆ ಎಂದು ಅವಳಿಗೆ ಹೇಳಬೇಡ, ನಾನು ಇದೇ ಮನೆಯಲ್ಲಿ ಊಟ ಮಾಡಬೇಕು.

ಫೋನಿರುವಾಗ ಪತ್ರವೇಕೆ ಎಂದು ಗಾಬರಿಯಾಗಬೇಡ. ನಿನ್ನ ಬಟನ್ ಫೋನಿನಲ್ಲಿ ಚಿತ್ರ ಕಾಣುವುದಿಲ್ಲ, ನಿನಗೆ ತೋರಿಸಬೇಕಾದದ್ದೇ ಚಿತ್ರ. ಎದುರು ಮನೆಯ ಸೂಗಪ್ಪ ಇವತ್ತು ಲಿಂಗಂಪಲ್ಲಿಯಲ್ಲಿ ಗಾಡಿ ಹತ್ತಿ ಸೇಡಂಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಈ ಪತ್ರವನ್ನೂ ಮೂರು ಹಾಳೆಗಳನ್ನೂ ಕಳಿಸುತ್ತಿದ್ದೇನೆ. ವಿಷಯ ನಮ್ಮ ಖಾನಾವಳಿಯದು. ನೀನು ಊರಿಗೆ ಹೊರಟ ದಿನ ಸ್ಟೇಷನ್ನಿನಲ್ಲಿ ನಾನು ಹೇಳಿದ್ದು ನೆನಪಿದೆಯಲ್ಲ? ಸ್ಟೇಷನ್ ಹಿಂದೆ ಒಂದು ಅಂಗಡಿ ಖಾಲಿಯಾಗಿದೆ, ಸುತ್ತ ಕಟ್ಟಡ ಕೆಲಸಕ್ಕೆ ಬಂದಿರುವ ನಮ್ಮ ಕಡೆಯ ಮಂದಿ ಜೋಳದ ರೊಟ್ಟಿಗೆ ಬಾಯಿ ಬಿಡುತ್ತಿದ್ದಾರೆ, ಇಷ್ಟು ವರ್ಷ ಬೇರೆಯವರ ಖಾನಾವಳಿಗಳಲ್ಲಿ ಒಲೆಯ ಮುಂದೆ ಕೂತವಳು ಇನ್ನು ನಿನ್ನದೇ ಒಲೆಯ ಮುಂದೆ ಕೂರು ಎಂದೆ. ಅಷ್ಟರಲ್ಲಿ ಗಾಡಿ ಅಲುಗಿತು. ನೀನು ಕಿಟಕಿಯಿಂದ, "ಮೊದಲ ಬೋರ್ಡ್ ಹೆಂಗ ಬರಸ್ತಿ ಬರಸು, ನೋಡೂನು" ಎಂದೆ. ಬೋರ್ಡು ನಿನ್ನ ಮನಸ್ಸಿಗೆ ಬಂದರೆ ನೀನು ಬರುತ್ತೀ, ಖಾನಾವಳಿಯೂ ಆಗುತ್ತದೆ, ಇಲ್ಲದಿದ್ದರೆ ಎರಡೂ ಇಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಅಂದಿನಿಂದ ನನಗೆ ಬೋರ್ಡಿನದೇ ಧ್ಯಾನ. ಭಾಗ್ಯಶ್ರೀ ಮಾತ್ರ, "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಸಾಕತ್ತೀರಿ ನೋಡ್ರಿ" ಎಂದು ನಗುತ್ತಾಳೆ.

ನಾನು ಫೋನಿನಲ್ಲಿ ಬೆರಳಿಂದ ಅಕ್ಷರ ಬರೆಯುವುದು ನಿನಗೆ ಗೊತ್ತೇ ಇದೆ. ಇಡೀ ದಿನ ಫ್ಯಾಕ್ಟರಿಯಲ್ಲಿ ಡಬ್ಬಿಗೆ ಲೇಬಲ್ ಅಂಟಿಸಿ ಬಂದವನಿಗೆ ಮತ್ತೆ ಅಕ್ಷರದ ಹುಚ್ಚು ಯಾಕೆ ಎಂದು ನೀನೇ ಬೈಯುತ್ತಿದ್ದೆ. ಆ ಹುಚ್ಚಿನವರದು ಒಂದು ವಾಟ್ಸಾಪ್ ಗುಂಪಿದೆ. ಯಾರಿಗೂ ಅದು ಕಸುಬಲ್ಲ, ಎಲ್ಲರೂ ಹವ್ಯಾಸಕ್ಕೆ ಬರೆಯುವವರು. ತಾವು ಮಾಡಿದ್ದನ್ನು ಗುಂಪಿಗೆ ಹಾಕುತ್ತಾರೆ, ಉಳಿದವರು ತಪ್ಪು ಹೇಳುತ್ತಾರೆ. "ಚೆನ್ನಾಗಿದೆ" ಎಂದಷ್ಟೇ ಬರೆದು ಜಾರಿಕೊಳ್ಳುವಂತಿಲ್ಲ, ಅದು ಅಲ್ಲಿಯ ಕಾನೂನು. ಬೇಗಂ ಬಜಾರಿನಲ್ಲಿ ಒಣಕೊಬ್ಬರಿ ವ್ಯಾಪಾರ ಮಾಡುವ ಖಲೀಲ್ ಸಾಹೇಬರು ಉರ್ದು ಅಕ್ಷರವನ್ನು ಬಳ್ಳಿಯ ಹಾಗೆ ಹಬ್ಬಿಸುತ್ತಾರೆ. ಬ್ಯಾಂಕಿನಲ್ಲಿರುವ ವನಜಾ ಮೇಡಂ ವಿಜಯವಾಡದವರು, ನೆಂಟರ ಮದುವೆಗಳಿಗೆಲ್ಲ ಅವರದೇ ಕಾರ್ಡು. ಮೆದಕ್ ಕಡೆಯ ನರ್ಸಿಂಗ್ ಕರೆಂಟಿನ ಕೆಲಸದವನು, ಗಾಳಿಪಟದ ಮೇಲೆ ಚಿತ್ರ ಬರೆಯುತ್ತಾನೆ. ಈ ಮೂವರು ನನ್ನ ತಲೆಯನ್ನು ಏನು ಮಾಡಿಟ್ಟಿದ್ದಾರೆ ಎಂದು ಈಗ ಹೇಳುತ್ತೇನೆ, ಕೇಳು.

ಮೊದಲನೆಯ ಹಾಳೆ ನೋಡು. ಕೆಂಪು ಬಣ್ಣದಲ್ಲಿ "ಅವ್ವನ ಖಾನಾವಳಿ" ಎಂದಿದೆ, ಪಕ್ಕದಲ್ಲಿ ರೊಟ್ಟಿ ಬಡಿಯುವ ಎರಡು ಕೈ. ಅವು ನಿನ್ನ ಕೈಗಳೇ, ಬಳೆಯ ಸಮೇತ. ಗುಂಪಿಗೆ ಹಾಕಿ ಫೋನನ್ನೇ ನೋಡುತ್ತ ಕೂತೆ. ಮೊದಲು ಖಲೀಲ್ ಸಾಹೇಬರು, "ಮಿಯಾಂ, ಯೇ ರೋಟಿ ಹೈ ಯಾ ಡಫ್ಲಿ?" ಎಂದರು. ರೊಟ್ಟಿ ಬಾರಿಸುವ ಹಲಗೆಯಂತೆ ಕಾಣುತ್ತದಂತೆ, ಒಳಗೆ ಹಾಡು ಕುಣಿತ ಇರಬೇಕು ಎಂದು ಮಂದಿ ಬರುತ್ತಾರಂತೆ! ನನಗೆ ಸಿಟ್ಟು ಬಂತು. ಆಮೇಲೆ ಕನ್ನಡಕ ಒರೆಸಿ ನೋಡಿದರೆ ಹಲಗೆಯೇ. ವನಜಾ ಮೇಡಂಗೆ ಕೈಗಳು ಒಪ್ಪಿಗೆಯಾದವು, ಅಕ್ಷರ ಒಪ್ಪಿಗೆಯಾಗಲಿಲ್ಲ. ನಮ್ಮ ಅಕ್ಷರಗಳ ತಲೆಕಟ್ಟು ಅವರ ಕಣ್ಣಿಗೆ ಅರ್ಧಕ್ಕೆ ನಿಂತಂತೆ ಕಂಡಿತು. ತೆಲುಗಿನಲ್ಲಿ ಅದನ್ನು ಮೇಲಕ್ಕೆ ಚಿಮ್ಮಿಸಿ ಬರೆಯುತ್ತಾರೆ, ಲೆಕ್ಕ ಸರಿಯಾದರೆ ಮಾಸ್ತರು ಹಾಕುವ ಗುರುತಿನ ಹಾಗೆ. ದಾರಿಯಲ್ಲಿ ಹೋಗುವ ತೆಲುಗಿನವರೂ ಓದಬೇಡವೇ ಎಂದು ಕೇಳಿದರು. ಹೌದಲ್ಲ ಎನ್ನಿಸಿತು. ಎಲ್ಲ ತಲೆಕಟ್ಟುಗಳನ್ನೂ ಚಿಮ್ಮಿಸಿದೆ, ಅದೇ ಎರಡನೆಯ ಹಾಳೆ. ಭಾಗ್ಯಶ್ರೀ ನೋಡಿ, "ಮಾಸ್ತರ್ರು ಪೇಪರ್ ತಿದ್ದಿದಂಗ ಐತ್ರಿ. ಅತ್ತಿ ಪಾಸಾದ್ರೇನು?" ಎಂದಳು. ಈಗ ಅದು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ತಿರುಗಿ ಮೊದಲಿನ ಹಾಗೆ ಮಾಡೋಣವೆಂದರೆ ನನ್ನ ಕಣ್ಣಿಗೂ ಅದು ಅರ್ಧಕ್ಕೆ ನಿಂತಂತೆ ಕಾಣತೊಡಗಿದೆ.

ಅಕ್ಷರದ ಗದ್ದಲ ಮುಗಿಯುವ ಮೊದಲೇ ಮಾತಿನ ಗದ್ದಲ ಶುರುವಾಯಿತು. ವನಜಾ ಮೇಡಂ, "ವೃದ್ಧಾಶ್ರಮದ ಬೋರ್ಡಿಗೆ ಕೆಂಪು ಬೇಡ, ತಿಳಿ ನೀಲಿ ಇರಲಿ" ಎಂದು ಬರೆದರು. ಯಾವ ವೃದ್ಧಾಶ್ರಮ ಎಂದು ನಾನು ಕಣ್ಣು ಕಣ್ಣು ಬಿಟ್ಟೆ. ಅವರ ಸೀಮೆಯಲ್ಲಿ ಅವ್ವ ಎಂದರೆ ಮುದುಕಿಯಂತೆ! ಖಾನಾವಳಿ ಎಂಬುದು ಅವರಿಗೆ ಗೊತ್ತಿಲ್ಲದ ಮಾತು, ಮುದುಕಿಯರನ್ನು ಇಟ್ಟುಕೊಳ್ಳುವ ಜಾಗ ಎಂದು ತಿಳಿದುಬಿಟ್ಟರು. ನರ್ಸಿಂಗ್‌ಗೆ ರೇಗಿತು. "ಮಾ ತಟ್ಟು ಅವ್ವ ಅಂಟೆ ಅಮ್ಮನೇ ಮೇಡಂ" ಎಂದ, ನಮ್ಮಲ್ಲಿ ಅವ್ವ ಎಂದರೆ ತಾಯಿಯೇ ಎಂದು. ಇಬ್ಬರೂ ತೆಲುಗಿನವರೇ, ಒಂದೇ ಮಾತಿಗೆ ಇಬ್ಬರದು ಬೇರೆ ಬೇರೆ ಅರ್ಥ. ಸಂಜೆಯವರೆಗೆ ಜಗಳವಾಡಿದರು. ಖಲೀಲ್ ಸಾಹೇಬರು ನಡುವೆ ಕೊಬ್ಬರಿ ಮಿಠಾಯಿಯ ಚಿತ್ರ ಹಾಕಿ ಸಮಾಧಾನ ಮಾಡಲು ನೋಡಿದರು. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ನೀನು ಹೇಳುತ್ತಿದ್ದೆಯಲ್ಲ, ನಮಗೆ ಮೂರೇ ಮಂದಿ ಸಾಕಾದರು. ಹಾಗೆಂದು ಅವರನ್ನು ಬೈಯಬೇಡ ಅವ್ವಾ. ನಾನು ಯಾರು ಎಂದು ಗೊತ್ತಿಲ್ಲದೆಯೂ ಒಂದು ರೊಟ್ಟಿಯ ಅಂಚು ಸರಿಯಾಗಲೆಂದು ಅಷ್ಟು ಹೊತ್ತು ಕೂತು ಹೇಳುವವರು ಈ ಊರಲ್ಲಿ ನನಗೆ ಬೇರೆ ಯಾರಿದ್ದಾರೆ? ಅವರ ಮಾತು ಕೇಳಲು ನನಗೆ ಭಾಳ ಇಷ್ಟ. ಕೇಳಿದ ಮೇಲೆ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ.

ಕೊನೆಗೆ ನರ್ಸಿಂಗ್, ಅವ್ವ ಎನ್ನುವುದನ್ನೇ ಬಿಡು, ನಿಮ್ಮವ್ವನ ಹೆಸರು ಹಾಕು, ಜಗಳವೇ ಬೇಡ ಎಂದ. ಎಲ್ಲರೂ ಒಪ್ಪಿದರು. ಆ ಗುಂಪಿನಲ್ಲಿ ಎಲ್ಲರೂ ಒಪ್ಪಿದ್ದು ಅದೊಂದೇ ಸಲ. ಖಲೀಲ್ ಸಾಹೇಬರು, "ಅಮ್ಮೀ ಕಾ ನಾಮ್ ಕ್ಯಾ ಹೈ?" ಎಂದು ಕೇಳಿದರು. ಅಲ್ಲಿ ನಾನು ಸಿಕ್ಕಿಬಿದ್ದೆ. ಆಧಾರ್ ಕಾರ್ಡಿನಲ್ಲಿ ನೀನು ಸಾವಿತ್ರಿಬಾಯಿ. ದೊಡ್ಡವ್ವ ಕೂಗುವುದು ಬಂಡೆಮ್ಮ ಎಂದು. ಮದುವೆಯ ದಿನ ಗಂಡನ ಮನೆಯವರು ಹೆಣ್ಣಿಗೆ ಹೊಸ ಹೆಸರಿಡುತ್ತಾರೆ ಎಂಬುದು ನಮ್ಮ ಕಡೆಯ ಪದ್ಧತಿ, ಅದು ನನಗೂ ಗೊತ್ತು. ಆದರೆ ಇಟ್ಟ ಮೇಲೆ ಹಳೆಯ ಹೆಸರು ಎಲ್ಲಿಗೆ ಹೋಗುತ್ತದೆ? ಖಾನಾವಳಿಗಳಲ್ಲಿ ಎಲ್ಲರೂ ನಿನ್ನನ್ನು ಅವ್ವಾ ಎಂದೇ ಕರೆದರು, ಈ ಎರಡು ಹೆಸರಲ್ಲಿ ಒಂದರಿಂದಲೂ ಯಾರೂ ಕರೆಯಲಿಲ್ಲ. ಮೂರನೆಯ ಹಾಳೆಯಲ್ಲಿ ಎರಡನ್ನೂ ಬರೆದಿದ್ದೇನೆ, ಮೇಲೆ ಒಂದು, ಕೆಳಗೆ ಒಂದು. ಸಾವಿತ್ರಿಬಾಯಿ ಬರೆಯಲು ಅಂದ, ಇಳಿ, ಗುಡಿಸು, ಒತ್ತು ಎಲ್ಲ ಇದೆ. ಬಂಡೆಮ್ಮ ಗಟ್ಟಿಯಾಗಿ ಕೂರುತ್ತದೆ. ನೀನು ನಿದ್ದೆಗಣ್ಣಲ್ಲಿರುವಾಗ ಯಾರಾದರೂ ಕರೆದರೆ ಯಾವುದಕ್ಕೆ ಓಗೊಡುತ್ತೀ? ಅದರ ಕೆಳಗೆ ಒಂದು ಗೆರೆ ಎಳೆದು ಹಾಳೆಯನ್ನು ಸೂಗಪ್ಪನ ಕೈಯಲ್ಲೇ ವಾಪಸ್ ಕಳಿಸು. ಪೇಂಟರ್ ಮಲ್ಲಿಕಾರ್ಜುನ ನಾಳೆ ಬಿಟ್ಟು ಮುಂದಿನ ಸೋಮವಾರ ಬಂದು ಬರೆಯುತ್ತೇನೆ ಎಂದಿದ್ದಾನೆ. ರೊಟ್ಟಿಯ ಅಂಚನ್ನು ಅದರಲ್ಲಿ ತಿದ್ದಿದ್ದೇನೆ, ಅದನ್ನೂ ನೋಡಿ ಹೇಳು, ಈಗಲೂ ಹಲಗೆಯ ಹಾಗೆ ಕಾಣುತ್ತದೆಯೇ? ನೀನು ಹೇಳಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಗುಂಪಿಗೆ ಹಾಕುವುದಿಲ್ಲ.

ದೊಡ್ಡವ್ವನಿಗೆ ನನ್ನ ನಮಸ್ಕಾರ ಹೇಳು, ಕಾಲು ನೆಲಕ್ಕೆ ಊರುವ ಆತುರ ಬೇಡವೆಂದು ಹೇಳು. ಭಾಗ್ಯಶ್ರೀ ನಿಮ್ಮಿಬ್ಬರ ಪಾದಕ್ಕೂ ಹಣೆ ಹಚ್ಚಿದ್ದಾಳೆ. ನಿನ್ನ ಆಶೀರ್ವಾದ ಬೋರ್ಡಿನ ಮೇಲೂ ಇರಲಿ, ಅದನ್ನು ಬರೆಯುವವನ ಮೇಲೂ ಇರಲಿ.

ನಿನ್ನ ಮಗ,
ಗುರುಬಸವ

ತಾ.ಕ.: ಅವ್ವಾ, ಲಕೋಟೆ ಅಂಟಿಸುವಾಗ ದೊಡ್ಡವ್ವನ ಫೋನ್ ಬಂತು, ನೀನು ಅಂಗಡಿಗೆ ಹೋಗಿದ್ದೆಯಂತೆ. ಅವ್ವನ ರೊಟ್ಟಿ ತಿಂದು ಚೆನ್ನಾಗಿದ್ದೀಯೇನು ಎಂದು ಅವಳನ್ನು ಚೇಷ್ಟೆಗೆ ಕೇಳಿದೆ. ಅದಕ್ಕವಳು, "ಎಲ್ಲೀ ರೊಟ್ಟಿ ತಮ್ಮಾ? ನಿಮ್ಮವ್ವ ಬಂದಾಗಿಂದ ಒಂದ ರೊಟ್ಟೀನೂ ಬಡದಿಲ್ಲ. ದಿನಾ ಅನ್ನ ಸಾರು ಮಾಡ್ತಾಳ, ಉಂಡು ಬಾಗಲಾಗ ಕುಂತು ಮಂದೀ ಕೂಡ ನಕ್ಕೋತ ಮಾತಾಡ್ತಾಳ. ರೊಟ್ಟಿ ತಿನಬೇಕನಸಿದ್ರ ಬಾಜೂಮನ್ಯಾಗ ಕೊಂಡು ತರ್ತಾಳ. ಭಾಳ ಆರಾಮ ಅದಾಳ ಬಿಡು" ಎಂದಳು. ನಾನು ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಬಣ್ಣಕ್ಕೆ, ಅಂಚಿಗೆ, ತಲೆಕಟ್ಟಿಗೆ ನಾನು ಊರವರನ್ನೆಲ್ಲ ಕೇಳಿದೆ, ಖಾನಾವಳಿ ಬೇಕೇನವ್ವಾ ಎಂದು ನಿನ್ನನ್ನು ಕೇಳಲೇ ಇಲ್ಲ. ನಿನಗೆ ರೊಟ್ಟಿ ಬಡಿದು ಸಾಕಾಗಿದೆಯೇನವ್ವಾ? ನನಗೆ ಏನೂ ತಿಳಿಯುತ್ತಿಲ್ಲ. ಮಲ್ಲಿಕಾರ್ಜುನನಿಗೆ ಸೋಮವಾರ ಬರಬೇಡ ಎಂದು ಈಗಲೇ ಫೋನ್ ಮಾಡುತ್ತೇನೆ. ಸೂಗಪ್ಪ ಬಾಗಿಲಲ್ಲಿ ನಿಂತು ಗಾಡಿ ತಪ್ಪುತ್ತದೆ ಎಂದು ಅವಸರ ಮಾಡುತ್ತಿದ್ದಾನೆ. ಸಾಕಾಗಿದ್ದರೆ ಬೋರ್ಡೂ ಬೇಡ, ಗೀರ್ಡೂ ಬೇಡ, ದೊಡ್ಡವ್ವನ ಕಾಲು ನೆಟ್ಟಗಾದ ಮೇಲೆ ನೀನು ಸುಮ್ಮನೆ ಮನೆಗೆ ಬಾ. ರೊಟ್ಟಿ ಕೊಂಡು ತಿಂದರಾಯಿತು.