ಅಣ್ಣ ಓದಿದ ಪದ್ಯಗಳು

ಶ್ರೀನಿವಾಸಪುರ
೯-೩-೧೯೮೪

ವೆಂಕಟರಮಣಣ್ಣನಿಗೆ,

ತಂಗಿ ಶಾಮಲಳ ನಮಸ್ಕಾರ. ಮಂಡಿನೋವು ಹೇಗಿದೆ? ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೊಳ್ಳುತ್ತಿದ್ದೀಯಾ? ಹಿಪ್ಪುನೇರಳೆ ಸೊಪ್ಪು ಈ ಸಲ ಚೆನ್ನಾಗಿ ಬಂದಿದೆಯಂತೆ. ನೀನು ಗಟ್ಟಿಯಾಗಿರಬೇಕು ಅಣ್ಣಾ, ಈ ಕಾಗದವನ್ನು ಪೂರ್ತಿ ಓದುವಷ್ಟಾದರೂ.

ಇದರ ಜೊತೆ ಒಂದು ಕವನ ಸಂಕಲನ ಕಳಿಸಿದ್ದೇನೆ, ‘ಅರಿಶಿನದ ಕಲೆ’. ಮೇಲೆ ಎರಡು ಹೆಸರುಗಳಿವೆ, ನನ್ನದು ಮತ್ತು ಯಲ್ದೂರಿನ ಭಾರತಿಯದು. ನಾವಿಬ್ಬರೂ ಒಬ್ಬರಿಗೊಬ್ಬರು ಬರೆದುಕೊಂಡ ಪದ್ಯಗಳು. ಯಾರಾದರೂ ಕೇಳಿದರೆ ಗೆಳತಿಯರ ಸ್ನೇಹ ಎಂದು ಜಾರಿಕೊಳ್ಳಬೇಡ. ಪ್ರೀತಿ ಎಂದೇ ಮುನ್ನುಡಿಯಲ್ಲಿ ಬರೆದಿದ್ದೇವೆ.

ಎಪ್ಪತ್ತೊಂದರ ಬೇಸಿಗೆ ನೀನು ಮರೆತಿರಬಹುದು, ನಾನು ಮರೆತಿಲ್ಲ. ಕೋಲಾರದಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ ದೇವರಾಯಸಮುದ್ರದ ನಮ್ಮ ಮನೆಗೆ ಬಂದಿದ್ದೆ. ನನ್ನ ಟ್ರಂಕಿನಲ್ಲಿ ನಾನೂ ಭಾರತಿಯೂ ಬರೆಯುತ್ತಿದ್ದ ನೋಟುಪುಸ್ತಕ ನಿನಗೆ ಸಿಕ್ಕಿತು. ಹರಿದು ಹಾಕಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೇನೋ. ನೀನು ಜಗಲಿಯ ಮೇಲೆ ಆರು ಜನ ಗಂಡಸರನ್ನು ಕೂರಿಸಿಕೊಂಡು, “ನೋಡ್ರಪ್ಪಾ, ನಮ್ಮ ಹುಡುಗಿ ಇನ್ನೊಂದು ಹುಡುಗಿ ಮೇಲೆ ಪದ ಕಟ್ಟವ್ಳೆ!” ಎಂದು ಹತ್ತೊಂಬತ್ತು ಪದ್ಯಗಳನ್ನೂ ರಾಗ ಎಳೆದು ಓದಿದೆ. ನನ್ನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿದ್ದೆ. ಅವರು ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ನೀನೇ ಪುಸ್ತಕವನ್ನು ಬಚ್ಚಲೊಲೆಗೆ ಹಾಕಿದೆ. ಮಾರನೇ ದಿನವೇ ಯಲ್ದೂರಿಗೆ ಬಸ್ಸು ಹತ್ತಿ ಅವಳಪ್ಪನ ಕಿವಿಗೂ ಹಾಕಿದೆ. ಮೂರೇ ವಾರದಲ್ಲಿ ಭಾರತಿಯನ್ನು ಪುಂಗನೂರಿನ ಕಡೆಯ ಎರಡನೇ ಸಂಬಂಧದವನಿಗೆ ಕೊಟ್ಟರು.

ಆ ಗಂಡ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದೆ, ಅವಳು ಒಂದು ಹೊಲಿಗೆ ಮಿಷನ್ ಹೊತ್ತು ನನ್ನ ಮನೆಗೆ ಬಂದಳು. ಅಂದಿನಿಂದ ಒಟ್ಟಿಗಿದ್ದೇವೆ. ಸುಟ್ಟ ಪದ್ಯಗಳನ್ನು ಇಬ್ಬರೂ ಕೂತು ನೆನಪು ಮಾಡಿಕೊಂಡೆವು. ಹನ್ನೊಂದು ಸಿಕ್ಕವು, ಮಿಕ್ಕವು ಹೋದವು ಎಂದುಕೊಂಡಿದ್ದೆವು. ಹೋದ ಮಾವಿನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಚಿಕ್ಕಗಂಗತ್ತಿಗೆ, ನಿನ್ನ ಹೆಂಡತಿ, ಅಕ್ಕಿ ಆರಿಸುತ್ತಾ ಮೆಲ್ಲಗೆ ಗುನುಗಿದರು: “ನಿನ್ನ ಸೆರಗಿನ ಅರಿಶಿನದ ಕಲೆ ನನ್ನ ಪುಸ್ತಕಕ್ಕೂ ಹತ್ತಿದೆ.” ಈ ಸಾಲು ಎಲ್ಲಿಂದ ಬಂತು ಎಂದು ಕೇಳಿದೆ. “ನಿಮ್ಮಣ್ಣ ಓದಿದಾಗ ಗೋಡೆ ಆಚೆ ನಿಂತು ಕೇಳಿಸ್ಕೊಂಡೆ ಕಣಮ್ಮಾ. ಅವರು ನಗೋಕೆ ಓದಿದ್ರು, ನಂಗೆ ಅಳು ಬಂತು. ಅದಕ್ಕೇ ಮರೀಲಿಲ್ಲ,” ಎಂದರು. ಅಕ್ಷರ ಬಾರದ ಅತ್ತಿಗೆ ಕಳೆದುಹೋಗಿದ್ದ ಎಂಟನ್ನೂ ಹೇಳಿ ಬರೆಸಿದರು.

ಪುಸ್ತಕದ ಮೊದಲ ಪುಟ ನೋಡು. “ಈ ಪದ್ಯಗಳನ್ನು ಮೊದಲು ಸಭೆಯಲ್ಲಿ ಓದಿ, ಆನಂತರ ಸುಟ್ಟವರು ನನ್ನ ಅಣ್ಣ ವೆಂಕಟರಮಣಪ್ಪ” ಎಂದು ಅಚ್ಚಾಗಿದೆ. ಕೆಳಗೆ ನಕ್ಕ ಆರು ಜನರ ಹೆಸರೂ ಇದೆ. ಬದುಕಿರುವ ನಾಲ್ವರಿಗೂ ಒಂದೊಂದು ಪ್ರತಿ ಅಂಚೆಯಲ್ಲಿ ಹೋಗಿದೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದಿದ್ದರೆ ಓದುವವರಿಗೆ ಹಿತವಾಗಿರುತ್ತಿತ್ತು. ಕ್ಷಮಿಸಿಲ್ಲ.

ಆರೋಗ್ಯ ನೋಡಿಕೋ. ಭಾರತಿಯೂ ನಮಸ್ಕಾರ ತಿಳಿಸಿದ್ದಾಳೆ, ನಾನು ಬೇಡವೆಂದರೂ.

ನಿನ್ನ ತಂಗಿ,
ಶಾಮಲ

ಮರೆತಿದ್ದೆ: ಆವನಿಯ ತವರಿಗೆ ಹೋಗುತ್ತೇನೆಂದು ನಿನಗೆ ಹೇಳಿ ಹೊರಟ ಅತ್ತಿಗೆ ಬೆಳಗಿನ ಬಸ್ಸಿಗೆ ಇಲ್ಲಿಗೆ ಬಂದಿಳಿದಿದ್ದಾರೆ. ಹದಿನೆಂಟನೇ ತಾರೀಕು ಭಾನುವಾರ, ಮುಳಬಾಗಿಲಿನ ಮಹಿಳಾ ಸಮಾಜದಲ್ಲಿ ಆ ಎಂಟು ಪದ್ಯಗಳನ್ನು ಅವರೇ ಹೇಳುತ್ತಾರೆ. ನೀನು ಬಂದು ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೂ ಕೇಳಿದರೆ ಮಾತ್ರ ಮನೆಗೆ ವಾಪಸು ಬರುತ್ತಾರಂತೆ. “ಕೈಕಟ್ಕೊಂಡು ಕೂತ್ಕೋಬೇಕು ಅಂತ ಬರಿ” ಎಂದು ಪಕ್ಕದಲ್ಲೇ ನಿಂತು ಹೇಳುತ್ತಿದ್ದಾರೆ. ಬರೆದಿದ್ದೇನೆ.