ಕಾಲುವೆಗೆ ನೀರು ಬಂದರೆ ರಿಂಗಾಗುವ ಫೋನು

ಅಪ್ಪಾಜಿಗೆ ಹಾಲಮ್ಮನ ನಮಸ್ಕಾರ.

ನೀವು ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾರ್ಡು. ನೀವು ಗುಜರಿಗೆಂದು ಕಟ್ಟಿಟ್ಟ ಚೀಲದಿಂದ ತಮ್ಮ ತಿಪ್ಪೇಶನ ಫೋನು ಹೇಳದೆ ತಂದವಳು ನಾನೇ. ಕಾಲುವೆಗೆ ನೀರು ಬಂದು ಎರಡು ತಂತಿ ನೆನೆದರೆ ನಿಮಗೆ ರಿಂಗಾಗುವ ಹಾಗೆ ಅವನು ಮಾಡಿದ್ದನಲ್ಲ, ಅದೇ. ಚೀಲದಲ್ಲಿ ಉಳಿದ ಅವನ ಸಾಮಾನು ಮಾರಬೇಡಿ.

ದಾವಣಗೆರೆಯ ಛತ್ರವೊಂದರಲ್ಲಿ ಈ ವಾರವೆಲ್ಲ ಎಲೆಕ್ಟ್ರಾನಿಕ್ಸ್ ಹುಚ್ಚಿನವರ ಕೂಟ; ಫೋನು ತಂದದ್ದು ಇಲ್ಲಿಗೇ. ತಲೆ ನರೆತವರೂ ಊಟದ ಮೇಜಿನ ಮೇಲೆ ಚೆನ್ನಾಗಿರುವ ರೇಡಿಯೊ ಬಿಚ್ಚುತ್ತಾ ಕೂತಿದ್ದಾರೆ. "ಸುಮ್ನಿರೋದನ್ನ ಬಿಚ್ಚಿ ಕೆಡಸ್ತೀಯಲ್ಲೋ" ಎಂದು ನೀವು ತಿಪ್ಪೇಶನನ್ನು ದಿನಾ ಬಯ್ಯುತ್ತಿದ್ದಿರಿ. ಇಲ್ಲಿ ಬಿಚ್ಚುವುದಕ್ಕೆಂದೇ ಜನ ಹರಿಹರದಿಂದ, ಹುಬ್ಬಳ್ಳಿಯಿಂದ ಬಂದಿದ್ದಾರೆ.

ಆ ಫೋನಿನ ಬಗ್ಗೆ ಎಲ್ಲರೆದುರು ಮಾತಾಡಲು ಅವನ ಹೆಸರು, ನನ್ನ ಹೆಸರು ಎರಡನ್ನೂ ಕೊಡಲು ಹೋದೆ. ಬರೆದುಕೊಳ್ಳುವ ಸ್ವಾತಿ, "ತೀರಿಹೋದೋರ ಹೆಸರು ಹೆಂಗೆ ಹಾಕೋದು ಅಕ್ಕಾ? ನಿಮ್ದೊಂದೇ ಸಾಕು ಬಿಡ್ರಿ" ಅಂದಳು.

"ಕೆಲಸ ಅವಂದು, ಬಾಯಿ ನಂದು. ಹಾಕಿದ್ರೆ ಎರಡೂ ಹಾಕ್ರಿ, ಇಲ್ಲಾಂದ್ರೆ ಎರಡೂ ಬ್ಯಾಡ" ಅಂದೆ. ಹಾಕಿದಳು, ಅವನ ಹೆಸರೇ ಮೊದಲು.

ಶಾಮನೂರಿನ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ನನ್ನ ಕೆಮ್ಮು ಕಡಿಮೆಯಾಗಿದೆ. ಅವನ ಸಿಮ್ಮಿಗೆ ಕರೆನ್ಸಿ ಹಾಕಿಸಿದ್ದೇನೆ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರ ಎದುರು ಆ ತಂತಿಗಳನ್ನು ಬಕೆಟ್ ನೀರಿಗೆ ಇಳಿಸುತ್ತೇನೆ. ಅದರಲ್ಲಿರುವುದು ನಿಮ್ಮ ನಂಬರೊಂದೇ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ಆ ಕರೆ ನನ್ನದಲ್ಲ, ಅವನದು. ಎತ್ತಿ. ನೀವು ಎತ್ತುವ ತನಕ ನಾನು ತಂತಿ ಅದ್ದುತ್ತಲೇ ಇರುತ್ತೇನೆ.

ಜಾಗ ಮುಗಿಯಿತು.
ಹಾಲಮ್ಮ